ಜಾತಿ ನಾಯಿ

"ಏನೂ ಮಾಡಲ್ಲ, ಬನ್ನಿ."

ಈ ಮಾತನ್ನು ನಂಬಿ ಗೇಟು ತೆಗೆದವರ ಪಟ್ಟಿ ನಮ್ಮ ಬೀದಿಯಲ್ಲಿ ಸಣ್ಣದಲ್ಲ. ಗ್ಯಾಸ್ ಸಿಲಿಂಡರಿನ ಹುಡುಗ ಒಂದು ಚಪ್ಪಲಿ ಕಳೆದುಕೊಂಡ. ಗಣಪತಿ ಚಂದಾಕ್ಕೆ ಬಂದವರು ರಸೀದಿ ಪುಸ್ತಕ ಕಳೆದುಕೊಂಡರು. ನಾನು ಒಂದು ಹೊಸ ಪಂಚೆ ಕಳೆದುಕೊಂಡೆ. ಹಾಗಂತ ಆ ಮಾತು ಸುಳ್ಳೇನಲ್ಲ. ಬ್ರೂನೋ ಇವತ್ತಿನವರೆಗೆ ಯಾರನ್ನೂ ಕಚ್ಚಿದವನಲ್ಲ. ಎದ್ದು ನಿಂತು, ಎರಡೂ ಮುಂಗಾಲನ್ನು ನಿಮ್ಮ ಹೆಗಲ ಮೇಲಿಟ್ಟು, ಬಹಳ ದಿನದ ಮೇಲೆ ಕಂಡ ಸೋದರಮಾವನ ಹಾಗೆ ಮುಖವನ್ನೇ ನೋಡುತ್ತಾನೆ. ಸೋದರಮಾವನ ತೂಕ 38 ಕಿಲೋ. ಅದನ್ನೂ ಪಶು ಆಸ್ಪತ್ರೆಯಲ್ಲಿ ನೇರವಾಗಿ ತೂಗಿದ್ದಲ್ಲ. ತೂಕದ ಯಂತ್ರ ಹತ್ತಲು ಅವನು ಸುತರಾಂ ಒಪ್ಪಲಿಲ್ಲ. ಯಜಮಾನರು ಅವನನ್ನು ಎತ್ತಿಕೊಂಡು ನಿಂತಾಗ 112, ಇಳಿಸಿ ಒಬ್ಬರೇ ನಿಂತಾಗ 74. ಹೀಗಾಗಿ ಬ್ರೂನೋನ ಅಧಿಕೃತ ತೂಕದಲ್ಲಿ ಆವತ್ತು ಯಜಮಾನರು ತಿಂದಿದ್ದ ಎರಡು ತಟ್ಟೆ ಇಡ್ಲಿಯ ಲೆಕ್ಕ ಯಾವ ಕಡೆಗೆ ಹೋಯಿತು ಎಂಬ ಅನುಮಾನ ನನಗಿನ್ನೂ ಇದೆ.

ಯಜಮಾನರು ಎಂದೆ. ನಾಯಿಯ ಯಜಮಾನರು ಎಂಬ ಅರ್ಥದಲ್ಲಿ, ಅಷ್ಟೇ. ಅವರ ಗೇಟಿನ ಕಂಬದಲ್ಲಿ ಕರಿ ಗ್ರಾನೈಟಿನ ಮೇಲೆ ಹೆಸರು, ಡಿಗ್ರಿ, ನಿವೃತ್ತ ಸೂಪರಿಂಟೆಂಡೆಂಟ್ ಎಂಬ ಹುದ್ದೆ ಎಲ್ಲವನ್ನೂ ಕೆತ್ತಿಸಿದ್ದಾರೆ. ಅದರ ಮೇಲೆಯೇ ತಂತಿ ಕಟ್ಟಿ "ನಾಯಿ ಇದೆ ಎಚ್ಚರಿಕೆ" ಬೋರ್ಡು ನೇತುಹಾಕಿದ್ದರಿಂದ ಈಗ ಕಾಣುವುದು ಹುದ್ದೆಯ ಕೊನೆಯ ಎರಡಕ್ಷರ ಮಾತ್ರ. ಹಾಲಿನವನಿಗೆ ಅದು "ಬ್ರೂನೋ ಮನೆ". ಮಕ್ಕಳಿಗೆ ಅವರು "ಬ್ರೂನೋ ಅಂಕಲ್". ಕೊರಿಯರಿನವರಿಗೆ ನನ್ನ ಮನೆ "ನಾಯಿ ಮನೆ ಪಕ್ಕದ್ದು". ಕಚೇರಿಯಲ್ಲಿ ಹನ್ನೆರಡು ಜನ ಗುಮಾಸ್ತರು ಇವರ ಕೆಮ್ಮಿಗೆ ಎದ್ದು ನಿಲ್ಲುತ್ತಿದ್ದರಂತೆ. ಇಲ್ಲಿ ಒಬ್ಬನಿದ್ದಾನೆ, ಇವರು ಕೆಮ್ಮಿದರೆ ಕಿವಿಯನ್ನು ಆಚೆ ಕಡೆ ತಿರುಗಿಸಿ ಮಲಗುತ್ತಾನೆ.

ಬೆಳಿಗ್ಗೆ ಐದೂ ಮುಕ್ಕಾಲಿಗೆ ಇಬ್ಬರದೂ ವಾಕಿಂಗ್. ಗುಬ್ಬಿ ಚನ್ನಬಸವೇಶ್ವರನ ಜಾತ್ರೆಯಲ್ಲಿ ಜನ ತೇರನ್ನೆಳೆಯುವುದನ್ನು ನೀವು ನೋಡಿರಬಹುದು. ತೇರೇ ಹೊರಟು ಜನರನ್ನೆಳೆದರೆ ಹೇಗಿರುತ್ತದೆಂದು ನೋಡಬೇಕಾದರೆ ನಮ್ಮ ಬೀದಿಗೆ ಬರಬೇಕು. ಮುಂದೆ ಬ್ರೂನೋ, ಕತ್ತು ನೆಲಕ್ಕೆ ಸಮ. ಹಿಂದೆ ಆರಡಿ ಚೈನು. ಅದರ ತುದಿಯಲ್ಲಿ ಮಂಕಿ ಕ್ಯಾಪು, ಹಿಂದಕ್ಕೆ ವಾಲಿದ ಮೈ, ಚಾಚಿದ ಬಲಗೈ, ಟಾರಿಗೆ ಉಜ್ಜುತ್ತಿರುವ ಹಿಮ್ಮಡಿ. ವರ್ಷಕ್ಕೆರಡು ಜೊತೆ ಶೂ ಬೇಕು. ಸವೆಯುವುದು ಹಿಮ್ಮಡಿ ಮಾತ್ರ, ಅಂಗಾಲು ಹೊಸದಾಗಿಯೇ ಇರುತ್ತದೆ. ಒಮ್ಮೆ ಬಿ.ಎಚ್. ರಸ್ತೆಯ ಹತ್ತಿರ ಎದುರಾದಾಗ ಕೇಳಿದೆ, "ಯಾವ ಕಡೆ ಹೊರಟ್ರಿ ಸಾರ್?"

"ಇನ್ನೂ ಗೊತ್ತಾಗಿಲ್ಲ," ಎಂದು ದಾಟಿಹೋದರು.

ಈ ಮೆರವಣಿಗೆಯ ಉದ್ದಕ್ಕೂ ಅವರಿಗೆ ಎದುರಾಗುವ ಪ್ರಶ್ನೆ ಒಂದೇ. "ಸಾರ್, ಇದು ಯಾವ ಜಾತಿ?"

ನಮ್ಮ ತುಮಕೂರಿನಲ್ಲಿ ಮನುಷ್ಯರ ಜಾತಿಯನ್ನು ಯಾರೂ ಹೀಗೆ ನೇರವಾಗಿ ಕೇಳುವುದಿಲ್ಲ. ಮರ್ಯಾದಸ್ಥರ ಊರು. "ಯಾವ ಕಡೆಯವರಾಯ್ತು?", "ಮನೆ ದೇವರು?", "ಓದುವಾಗ ಹಾಸ್ಟೆಲ್ ಯಾವುದಿತ್ತು?", "ಮಗಳ ಮದುವೆ ಯಾವ ಛತ್ರದಲ್ಲಿ ಮಾಡಿದ್ರಿ?" ಹೀಗೆ ನಾಲ್ಕು ಸುತ್ತು ಹಾಕಿ, ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ವಿಷಯ ಇತ್ಯರ್ಥವಾಗಿರುತ್ತದೆ. ನಾಯಿಗೆ ಈ ಸೌಜನ್ಯ ತೋರಿಸುವವರಿಲ್ಲ. ಬಾಯಿ ಬಿಟ್ಟು ಕೇಳುತ್ತಾರೆ. ಕೇಳುವುದೇನು, ನಮ್ಮ ಮಾತಿನಲ್ಲೇ ಅದು ಕೂತುಬಿಟ್ಟಿದೆ: ಕಾಗದಪತ್ರ ಇರುವುದು "ಜಾತಿ ನಾಯಿ", ಇಲ್ಲದ್ದು "ಬೀದಿ ನಾಯಿ". ನಡುವೆ ನಿಂತದ್ದಕ್ಕೆ "ಕ್ರಾಸ್" ಎಂಬ ಒಂದು ಪದವಿದೆ. ಯಜಮಾನರ ಪಾಲಿಗೆ ಆ ಪದವೇ ಭದ್ರಕೋಟೆ.

"ಕ್ರಾಸ್ ಸಾರ್. ರಾಟ್‌ವೀಲರ್–ಲ್ಯಾಬ್ರಡಾರ್ ಕ್ರಾಸ್."

ಇದು ಮೊದಲನೆಯ ಆವೃತ್ತಿ. 2020ರ ಲಾಕ್‌ಡೌನ್ ಹೊತ್ತಿನಲ್ಲಿ, ಗುಬ್ಬಿ ಕಡೆಯ ಅಡಿಕೆ ತೋಟವೊಂದರಿಂದ ಕೊಬ್ಬರಿ ಚೀಲದಲ್ಲಿ ಕೂತು ಬಂದ ಅಂಗೈಯಗಲದ ಮರಿಗೆ ತಂದೆ ರಾಟ್‌ವೀಲರ್, ತಾಯಿ ಲ್ಯಾಬ್ರಡಾರ್ ಎಂದು ನಿಗದಿಯಾಯಿತು. ಆಗಸ್ಟ್ 30ರಂದು ಪ್ರಧಾನಿಗಳು ಆಕಾಶವಾಣಿಯ "ಮನ್ ಕೀ ಬಾತ್"ನಲ್ಲಿ ಮುಧೋಳದ ನಾಯಿಯನ್ನು ಹೊಗಳಿ, ದೇಶಿ ತಳಿ ಸಾಕಿ ಎಂದರು ನೋಡಿ, ಅದೇ ವಾರ ಬ್ರೂನೋನ ಅಜ್ಜಿಯೊಬ್ಬಳು ಬಾಗಲಕೋಟೆ ಜಿಲ್ಲೆಯವಳೆಂದು ತಿಳಿದುಬಂತು. ಎರಡನೆಯ ಆವೃತ್ತಿ. 2005ರಲ್ಲಿ ಅಂಚೆ ಇಲಾಖೆ ಹೊರಡಿಸಿದ್ದ ಮುಧೋಳ ನಾಯಿಯ ಅಂಚೆಚೀಟಿಯನ್ನು ಫೋನಿನಲ್ಲಿ ಹಿಗ್ಗಿಸಿ ತೋರಿಸುತ್ತಿದ್ದರು. "ಮೂಗು ನೋಡಿ, ಮೂಗು." ನೋಡಿದೆ. ಮುಧೋಳವೆಂದರೆ ಬೆನ್ನಿಗಂಟಿದ ಹೊಟ್ಟೆ, ಬಿಲ್ಲಿನಂಥ ಮೈ, ಕಡ್ಡಿಯಂಥ ಕಾಲು. ನಮ್ಮವನ ಹೊಟ್ಟೆ ಬೆನ್ನಿನ ಜೊತೆ ಮಾತು ಬಿಟ್ಟು ವರ್ಷಗಳಾಗಿವೆ. ಮೂಗು ಮಾತ್ರ ಎರಡಕ್ಕೂ ಇತ್ತು, ನಿಜ.

ಮೂರನೆಯ ಆವೃತ್ತಿ ಬಂದದ್ದು 2024ರ ಮಾರ್ಚಿನಲ್ಲಿ. ಆ ತಿಂಗಳು 12ಕ್ಕೆ ಕೇಂದ್ರ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆಲ್ಲ ಸುತ್ತೋಲೆ ಕಳಿಸಿತು: 23 ಉಗ್ರ ತಳಿಯ ನಾಯಿಗಳನ್ನು ತರಿಸುವ ಹಾಗಿಲ್ಲ, ಮಾರುವ ಹಾಗಿಲ್ಲ, ಈಗಾಗಲೇ ಸಾಕಿದವರು ಸಂತಾನಹರಣ ಮಾಡಿಸಬೇಕು. ಪಟ್ಟಿಯಲ್ಲಿ ರಾಟ್‌ವೀಲರ್ ಇತ್ತು. ಅದಕ್ಕಿಂತ ಮುಖ್ಯವಾಗಿ, ಅವುಗಳ ಮಿಶ್ರತಳಿಯೂ ಸೇರುತ್ತದೆ ಎಂದು ಬರೆದಿತ್ತು. ಆ ಸುದ್ದಿ ಬಂದ ಪತ್ರಿಕೆ ಕೈಯಲ್ಲಿ ಹಿಡಿದು ಯಜಮಾನರು ಕಾಂಪೌಂಡಿನ ಹತ್ತಿರ ಬಂದ ಮುಖ ನನಗೆ ಚೆನ್ನಾಗಿ ನೆನಪಿದೆ. ಆಡಿಟ್ ಆಕ್ಷೇಪಣೆ ಬಂದ ಮುಖ.

"ನಮ್ಮದು ಪಕ್ಕಾ ನಾಡು ನಾಯಿ ಕಣ್ರೀ," ಎಂದರು, ನಾನು ಏನನ್ನೂ ಕೇಳದಿದ್ದರೂ. "ಇಲ್ಲೇ ಗುಬ್ಬಿದು. ರಾಟ್‌ವೀಲರ್ರೂ ಇಲ್ಲ, ಏನೂ ಇಲ್ಲ. ಮುದ್ದೆ ತಿನ್ನೋ ನಾಯಿ."

ನಾಲ್ಕು ವಾರ ಬ್ರೂನೋ ನಾಡು ನಾಯಿಯಾಗಿದ್ದ. ಏಪ್ರಿಲ್ 10ರಂದು ನಮ್ಮ ಹೈಕೋರ್ಟು ಆ ಸುತ್ತೋಲೆಯನ್ನು ರದ್ದುಮಾಡಿತು. ಹನ್ನೊಂದರ ಬೆಳಿಗ್ಗೆ ಹಾಲು ಹಾಕುವವನಿಗೆ ಯಜಮಾನರು ವಿವರಿಸುತ್ತಿದ್ದುದು ಕೇಳಿಸಿತು: "ತಂದೆ ರಾಟ್‌ವೀಲರ್ ಕಣಪ್ಪ, ಪ್ಯೂರ್ ಜರ್ಮನ್."

ನಾಯಿ ಕಾರ್ಡಿನಲ್ಲಿ ತಳಿ ಎಂಬ ಕಾಲಮ್ಮಿದೆ. ಲಸಿಕೆ ಹಾಕಿದ ಡಾಕ್ಟರು ಅಲ್ಲಿ ಎರಡೇ ಅಕ್ಷರ ಬರೆದಿದ್ದಾರೆ: ಎನ್.ಡಿ. ಇದೇನೆಂದು ಕೇಳಿದ್ದಕ್ಕೆ, ನಾನ್ ಡಿಸ್ಕ್ರಿಪ್ಟ್, ಅಂದರೆ ಇಂಥದ್ದೇ ತಳಿ ಅಂತ ವರ್ಣಿಸೋಕೆ ಬರಲ್ಲ ಎಂದರಂತೆ. ಅವತ್ತು ಸಂಜೆಯೇ ಬೀದಿಗೆಲ್ಲ ಸುದ್ದಿ. "ಡಾಕ್ಟರೇ ಬರೆದುಕೊಟ್ಟಿದ್ದಾರೆ ಸಾರ್. ವರ್ಣನಾತೀತ ಅಂತ."

ಅದೇ ಡಾಕ್ಟರು ಇನ್ನೊಂದು ವಿಷಯವನ್ನೂ ಹೇಳಿದ್ದರು. ಅದನ್ನು ಯಜಮಾನರು ಬೀದಿಗೆ ಹೇಳಲಿಲ್ಲ, ನನಗೆ ಮಾತ್ರ ದನಿ ತಗ್ಗಿಸಿ ಹೇಳಿದರು. ಹೆಣ್ಣು ನಾಯಿ ಬೆದೆಗೆ ಬಂದ ದಿನಗಳಲ್ಲಿ ಒಂದಕ್ಕಿಂತ ಹೆಚ್ಚು ಗಂಡು ಕೂಡಿದರೆ, ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರಿರಬಹುದು. ನಾಲ್ಕು ಮರಿ ಹುಟ್ಟಿದರೆ ನಾಲ್ಕೂ ಒಂದೊಂದು ಬಣ್ಣ ಇರುವುದಕ್ಕೆ ಇದೂ ಒಂದು ಕಾರಣ. "ನಮ್ಮವನ ವಿಷಯದಲ್ಲಿ ಹಾಗೇನೂ ಆಗಿಲ್ಲ ಬಿಡಿ," ಎಂದು ಸೇರಿಸಿದರು. ಬ್ರೂನೋ ನನ್ನ ಮುಖ ನೋಡಿದ. ಕಪ್ಪು ಮೈ, ಹುಬ್ಬಿನ ಜಾಗದಲ್ಲಿ ಕಂದು ಚುಕ್ಕೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧದಲ್ಲಿ ಮನಸ್ಸು ಬದಲಾಯಿಸಿದ್ದು, ಬಾಲ ಮಾತ್ರ ಅಪ್ಪಟ ನಮ್ಮ ಊರಿನ ಸುರುಳಿ. ಒಬ್ಬ ಅಪ್ಪನಿಂದ ಇಷ್ಟೆಲ್ಲ ಸಾಮಾನು ಹೊಂದಿಸುವುದು ಕಷ್ಟ.

ಊಟದ ವಿಷಯ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಯಜಮಾನರ ಮನೆಯಲ್ಲಿ ಈರುಳ್ಳಿಯನ್ನೂ ವಾರ ನೋಡಿ ಹೆಚ್ಚುತ್ತಾರೆ. ಈರುಳ್ಳಿ ನಾಯಿಗೆ ವಿಷವಾದ್ದರಿಂದ ಅಷ್ಟರಮಟ್ಟಿಗೆ ಬ್ರೂನೋಗೂ ಮನೆಯ ಆಚಾರಕ್ಕೂ ಹೊಂದಿಕೆಯಾಯಿತು. ಆಮೇಲೆ ಆಗಲಿಲ್ಲ. ಆರು ತಿಂಗಳು ಮುದ್ದೆ ಮೊಸರಿನಲ್ಲಿ ಬೆಳೆದ ಮರಿ ಏಳನೆಯ ತಿಂಗಳು ತಟ್ಟೆಗೆ ಬೆನ್ನು ಹಾಕಿ ಕೂತಿತು. ಎರಡು ದಿನ ಮುಷ್ಕರ. ಮೂರನೆಯ ದಿನ ಮಹಡಿಯ ಮೇಲೆ ನೀರಿನ ಟ್ಯಾಂಕಿನ ಮರೆಯಲ್ಲಿ ಒಂಟಿ ಬರ್ನರಿನ ಗ್ಯಾಸ್ ಒಲೆ, ಬೇರೆ ಪಾತ್ರೆ, ಬೇರೆ ಸೌಟು ಬಂದವು. ಯಜಮಾನರ ತಾಯಿ, ತೊಂಬತ್ತರ ಅವ್ವ, ಮಗ ಮಹಡಿಗೆ ಹೋದಾಗಲೆಲ್ಲ ಮೂಗಿಗೆ ಸೆರಗು ಹಿಡಿದು ಶಿವನಾಮ ಹೇಳುತ್ತಾರೆ. ನಾಯಿಯ ಮೇಲೆ ಅವರಿಗೆ ಕೋಪವಿಲ್ಲ. ಬ್ರೂನೋ ಎನ್ನಲು ಬಾರದೆ "ಬೂರಣ್ಣ" ಎಂದು ಕರೆಯುತ್ತಾರೆ. ಅವನು ಓಗೊಡುವುದೂ ಆ ಹೆಸರಿಗೊಂದೇ.

ಯಜಮಾನರು ಮಂಡಿಪೇಟೆ ಕಡೆಯ ಕೋಳಿ ಅಂಗಡಿಗೆ ಹೋಗುವ ದೃಶ್ಯವನ್ನು ಒಂದು ಸಲ ಕಣ್ಣಾರೆ ಕಂಡೆ. ಹೆಲ್ಮೆಟ್ ತೆಗೆದಿರಲಿಲ್ಲ. ಗಾಜು ಕೂಡ ಇಳಿಸಿಯೇ ಇತ್ತು. ಹೆಲ್ಮೆಟ್ಟಿನೊಳಗಿಂದಲೇ, "ಒಂದು ಕೆ.ಜಿ. ಕಾಲು, ತಲೆ. ನಾಯಿಗೆ," ಎಂದರು.

ಅಂಗಡಿ ಹುಡುಗ ಕತ್ತಿ ಮಸೆಯುತ್ತ ತಲೆಯೆತ್ತದೆ ಹೇಳಿದ, "ಎಲ್ರೂ ಅಂಗೇ ಯೋಳೋದು ಸಾ."

"ಅಲ್ಲಪ್ಪ, ನಿಜವಾಗ್ಲೂ ನಾಯಿಗೆ."

"ಆಯ್ತು ಬುಡಿ ಸಾ. ಖಾರದ ಪುಡಿ ಏನಾರ ಬೇಕಾ?"

ಕರಿ ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು ಕರಿ ಕವರು. ಅದನ್ನು ಬಟ್ಟೆ ಅಂಗಡಿಯ ಚೀಲದಲ್ಲಿಟ್ಟು, ಚೀಲವನ್ನು ಡಿಕ್ಕಿಯಲ್ಲಿಟ್ಟು ತಿರುಗಿದರೆ ನಾನು. ಅವರು ಹೆಲ್ಮೆಟ್ಟಿನೊಳಗೇ ನಮಸ್ಕಾರ ಮಾಡಿದರು. ಹಾಗೆ ನೋಡಿದರೆ ಬೀದಿಯಲ್ಲಿ ಅವರ ಜಾತಿಯ ಬಗ್ಗೆ ಇದ್ದ ಒಮ್ಮತ ಒಡೆದದ್ದೇ ಆ ಅಂಗಡಿಯಿಂದ. ಮನೆ ದೇವರ ಲೆಕ್ಕ ಒಂದು ಕಡೆಗೆ ಹೋಗುತ್ತದೆ, ಕೋಳಿ ಕಾಲಿನ ಲೆಕ್ಕ ಇನ್ನೊಂದು ಕಡೆಗೆ.

ಜಂತುಹುಳದ ಮಾತ್ರೆಯ ಪ್ರಸಂಗವೂ ಇದರ ಜೊತೆಗೇ ಬರಬೇಕು. ಮುದ್ದೆಯೊಳಗೆ ಮಾತ್ರೆ ಹುದುಗಿಸಿದರೆ ತಿಳಿಯುವುದಿಲ್ಲ ಎಂದು ಯಾರೋ ಹೇಳಿಕೊಟ್ಟರು. ಒಳ್ಳೆಯ ಉಪಾಯವೇ. ಮುದ್ದೆಯನ್ನು ನುಂಗಬೇಕು, ಅಗಿಯಬಾರದು ಎಂಬುದು ಇಡೀ ತುಮಕೂರು ಜಿಲ್ಲೆ ಒಪ್ಪಿದ ಮಾತು. ಆದರೆ ಜಿಲ್ಲೆಯಲ್ಲಿ ಮುದ್ದೆ ಅಗಿದು ತಿನ್ನುವ ಪ್ರಾಣಿ ಒಂದೇ ಒಂದಿದೆ, ಅದು ಇವರ ಮನೆಯಲ್ಲಿದೆ. ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಬಾಯಿಯ ತುಂಬ ಹೊರಳಿಸಿ ಹೊರಳಿಸಿ ಅಗಿದು, ಕೊನೆಗೆ ತುಟಿಯಂಚಿನಿಂದ ಮಾತ್ರೆಯನ್ನು ನೆಲಕ್ಕಿಡುತ್ತಾನೆ. ಉಗುಳುವುದಿಲ್ಲ. ಇಡುತ್ತಾನೆ. ಆಕ್ಷೇಪಣೆ ಬರೆದು ಕಡತ ವಾಪಸು ಮಾಡಿದ ಹಾಗೆ.

ಎರಡು ವರ್ಷದ ಹಿಂದೆ ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಅವನನ್ನು ಕರೆದುಕೊಂಡು ಹೊರಟರು. ಜನಕ್ಕೆ ಅಭ್ಯಾಸವಾಗಲಿ ಎಂದು. ಯಾರಿಗೆ ಅಭ್ಯಾಸವಾಗಲಿ ಎಂದು ನಾನು ಕೇಳಲಿಲ್ಲ. ಚೈನಿನ ಇನ್ನೊಂದು ತುದಿಗೆ ಆಪತ್ಕಾಲಕ್ಕೆಂದು ನಾನೂ ಹೋದೆ.

ಆ ಜಾತ್ರೆ ನೋಡಿದವರಿಗೆ ಗೊತ್ತು. ಸಾಲುಸಾಲು ಹಳ್ಳಿಕಾರ್ ಹೋರಿಗಳು, ಕೊಂಬಿಗೆ ಕಳಸ, ಮೈಗೆ ಎಣ್ಣೆಯ ಹೊಳಪು, ಕೆಲವಕ್ಕೆ ಶಾಮಿಯಾನ. ಉತ್ತರದ ಜಿಲ್ಲೆಗಳಿಂದ ಕೊಳ್ಳಲು ಬಂದವರು ಸುಳಿ ನೋಡುತ್ತ, ಕಾಲಿನ ಗೊರಸು ನೋಡುತ್ತ, ಟವೆಲ್ಲಿನಡಿ ಬೆರಳು ಹಿಡಿದು ಬಾಯಿ ಬಿಡದೆ ಲಕ್ಷದ ವ್ಯಾಪಾರ ಮಾಡುತ್ತಿದ್ದರು. ಆ ಸಾಲಿನ ನಡುವೆ ಬ್ರೂನೋ. ಐವತ್ತು ಹೆಜ್ಜೆ ಹೋಗಿರಬೇಕು, ಬೆಂಡು ಬತ್ತಾಸಿನ ಅಂಗಡಿಯೆದುರು, ದಾರಿಯ ನಟ್ಟನಡುವೆ ಕೂತುಬಿಟ್ಟ.

ಅವನು ಕೂತರೆ ಕೂತ. ಯಜಮಾನರು ಇಂಗ್ಲಿಷಿಗಿಳಿದರು. ನಾಯಿಗಳಿಗೆ ಇಂಗ್ಲಿಷ್ ಮಾತ್ರ ಅರ್ಥವಾಗುತ್ತದೆ ಎಂಬ ನಂಬಿಕೆ ನಮ್ಮ ಊರಿನಲ್ಲಿ ಬಲವಾಗಿದೆ. "ಕಮ್! ಬ್ರೂನೋ, ಕಮ್! ಗೆಟಪ್!" ಬ್ರೂನೋ ಆಕಳಿಸಿದ. "ಗೆಟಪ್ ಐ ಸೇ!" ಅವನು ಮಲಗಿದ. ಹಿಂದೆ ಎತ್ತಿನ ಜೋಡಿಯೊಂದು ದಾರಿಗಾಗಿ ನಿಂತಿತು. ಅದರ ಹಿಂದೆ ಇನ್ನೊಂದು.

ತಲೆಗೆ ರುಮಾಲು ಸುತ್ತಿದ ಹಿರಿಯ ರೈತರೊಬ್ಬರು ಬಂದು, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆನ್ನಿನ ಸುಳಿ ನೋಡಿ, ಬಾಲ ನೋಡಿ, ಕುಕ್ಕರಗಾಲಲ್ಲಿ ಕೂತರು. ಮುಖದಲ್ಲಿ ಗೇಲಿಯಿಲ್ಲ. ನೂರಾರು ರಾಸು ಕಂಡ ಕಣ್ಣು.

"ಯಾವ ಜಾತಿದು ಸೋಮಿ?"

"ಕ್ರಾಸು."

"ಎಷ್ಟಲ್ಲು?"

ಯಜಮಾನರಿಗೆ ಇದಕ್ಕೆ ಉತ್ತರ ಗೊತ್ತಿತ್ತು. ನಾಯಿಯ ಬಗ್ಗೆ ಓದಿಕೊಂಡವರು. ಎದೆಯುಬ್ಬಿಸಿ ಹೇಳಿದರು, "ನಲವತ್ತೆರಡು."

ರೈತರು ಬೆಚ್ಚಿ ನೋಡಿದರು. ಎತ್ತಿಗೆ ಎರಡಲ್ಲು, ನಾಲ್ಕಲ್ಲು, ಆರಲ್ಲು. ಎಂಟಾದರೆ ಬಾಯಿಗೂಡಿತು, ಅಲ್ಲಿಗೆ ಪ್ರಾಯದ ಲೆಕ್ಕ ಮುಗಿಯಿತು. "ನಲವತ್ತೆರಡಾ?" ಎಂದು ಎದ್ದು ಮಂಡಿ ಒರೆಸಿಕೊಂಡರು. "ಅಂಗಾದ್ರೆ ಶಾನೆ ವಯಸ್ಸಾಗೈತೆ. ಪಾಪ, ಎಬ್ಬಿಸಬ್ಯಾಡಿ ಬುಡಿ."

ಹೇಗೆ ಎದ್ದ ಎಂದು ಕೇಳುತ್ತೀರೇನೋ. ಅರ್ಧ ಗಂಟೆ ಆದಮೇಲೆ, ಪಕ್ಕದ ಹೋರಿಯೊಂದು ಕತ್ತು ಬಗ್ಗಿಸಿ ಅವನ ಕಿವಿಯೊಳಗೆ ಒಂದು ಸಲ ಉಸಿರು ಬಿಟ್ಟಿತು. ಅಷ್ಟೇ. ಆಮೇಲೆ ಕ್ಯಾತ್ಸಂದ್ರದ ದಿಕ್ಕಿನಲ್ಲಿ ನಾವು ಎಷ್ಟು ದೂರ ಓಡಿದೆವು, ಯಾರ ಕಾಲು ತುಳಿದೆವು ಎಂಬುದು ನನ್ನ ನೆನಪಿನಲ್ಲಿ ಸ್ಪಷ್ಟವಿಲ್ಲ.

ವಂಶದ ವಿಚಾರ ಒಮ್ಮೆ ತೀರ್ಮಾನವಾಗಲೆಂದು ನಾನೇ ಹೇಳಿದೆ, ಗುಬ್ಬಿಗೇ ಹೋಗಿ ಕೇಳಿದರಾಯ್ತಲ್ಲ ಎಂದು. ಯಜಮಾನರಿಗೆ ಮನಸ್ಸಿರಲಿಲ್ಲ. ಆದರೂ ಒಂದು ಭಾನುವಾರ ಹೊರಟೆವು, ಹಿಂದಿನ ಸೀಟಿನಲ್ಲಿ ಬ್ರೂನೋ, ಕಿಟಕಿಯಿಂದ ಅರ್ಧ ಮೈ ಹೊರಗೆ. ಗುಬ್ಬಿ ಅವರಿಗೆ ಬೇರೊಂದು ಕಾರಣಕ್ಕೂ ಹೆಮ್ಮೆಯ ಊರು. ಸ್ನಾನದ ಬಕೆಟ್ಟು ಕಂಡ ಕೂಡಲೇ ಬ್ರೂನೋ ಬಲಗಾಲು ಕುಂಟುತ್ತಾನೆ. ಅಯ್ಯೋ ಎಂದು ಬಲಗಾಲು ಹಿಡಿದು ನೋಡುವಷ್ಟರಲ್ಲಿ ಎಡಗಾಲು ಕುಂಟುತ್ತಿರುತ್ತದೆ. "1884ರಲ್ಲಿ ಗುಬ್ಬಿ ಕಂಪನಿ ಶುರುವಾದ ಊರು ಸಾರ್ ಅದು. ವೀರಣ್ಣೋರು ನಾಟಕದಲ್ಲಿ ರಂಗದ ಮೇಲೆ ಆನೆ ಕುದುರೆನೇ ತಂದು ನಿಲ್ಲಿಸ್ತಿದ್ರು. ಅಲ್ಲಿ ನೀರು ಕುಡಿದೋನು ಇಷ್ಟಾದ್ರೂ ಆ್ಯಕ್ಟಿಂಗ್ ಮಾಡ್ದಿದ್ರೆ ಹೆಂಗೆ?"

ತೋಟದ ಮನೆಯ ಅಂಗಳದಲ್ಲಿ ಅಡಿಕೆ ಹರಡಿತ್ತು. ಅದರಂಚಿನಲ್ಲಿ ಒಂದು ಬಡಕಲು ಕೆಂಚು ನಾಯಿ ಮಲಗಿತ್ತು. ಹದಿನೈದು ಕಿಲೋ ಇದ್ದರೆ ಹೆಚ್ಚು. ಕತ್ತಿಗೆ ಮುಳ್ಳಿನ ಕಬ್ಬಿಣದ ಪಟ್ಟಿ, ಚಿರತೆಯ ಭಯಕ್ಕೆ. ಈ ಕಡೆಯ ತೋಟಗಳಲ್ಲಿ ನಾಯಿಗೆ ಕುತ್ತಿಗೆಯೇ ಅಪಾಯದ ಜಾಗ. ಅದು ತಲೆಯೆತ್ತಿ ಒಂದು ಸಲ ನೋಡಿತು. ತುಮಕೂರಿನ ಗ್ಯಾಸ್ ಹುಡುಗರಿಗೆಲ್ಲ ಸಿಂಹಸ್ವಪ್ನವಾದ ಬ್ರೂನೋ ನೆಲಕ್ಕೆ ಹೊಟ್ಟೆ ಹಚ್ಚಿ, ಬಾಲ ಒಳಗೆಳೆದು, ತೆವಳುತ್ತ ಹೋಗಿ ಅದರ ಮುಂದೆ ಅಂಗಾತ ಬಿದ್ದ.

"ಅವ್ವ ಅಲ್ವರಾ," ಎಂದಳು ಅಡಿಕೆ ಕೆದಕುತ್ತಿದ್ದ ಮುದುಕಿ. "ಗುರ್ತು ಇರ್ತದೆ."

ಲ್ಯಾಬ್ರಡಾರ್ ಎಂಬ ತಾಯಿ ಆ ಕ್ಷಣದಲ್ಲಿ ತೀರಿಕೊಂಡಿತು. ಯಜಮಾನರು ಸಾವರಿಸಿಕೊಂಡು ಉಳಿದ ಅರ್ಧ ವಂಶವನ್ನಾದರೂ ಕಾಪಾಡಲು ನೋಡಿದರು. "ಅಜ್ಜಿ, ಅಪ್ಪ ಯಾವ್ದು? ದೊಡ್ಡ ನಾಯಿ, ಕರೇದು, ಯಾರಾದ್ರೂ ಸಾವ್ಕಾರ್ರ ಮನೇದು ಬರ್ತಿತ್ತಾ ಈ ಕಡೆ?"

ಮುದುಕಿ ಕೈಯ ಕೋಲಿನಿಂದ ಕೆಂಚು ನಾಯಿಯನ್ನು ತೋರಿಸಿದಳು. "ನನ್ನೇನ್ ಕೇಳ್ತೀಯಪ್ಪ. ಅದ್ನೇ ಕೇಳು."

ವಾಪಸು ಬರುವಾಗ ನಿಟ್ಟೂರು, ಚೇಳೂರಿನ ಹಲಸು, ಮಳೆ ಇವುಗಳ ಬಗ್ಗೆ ಮಾತ್ರ ಮಾತಾಡಿದೆವು.

ಕುಣಿಗಲ್ಲಿನ ಕಥೆ ಇದಕ್ಕೆ ತದ್ವಿರುದ್ಧ. ಅದು ಯಜಮಾನರ ಮಾವನ ಮನೆ. ಎಂಬತ್ತೈದರ ಮಾವನವರು ದುಡಿದಷ್ಟು ಕಾಲ ಕುದುರೆ ಲಾಯದಲ್ಲೇ ದುಡಿದವರು. ಹೈದರ್–ಟಿಪ್ಪು ಕಾಲದಿಂದ ಕುದುರೆ ಸಾಕಿದ ನೆಲ ಅದು. ಊರಿಗೆ ಅಂಟಿಕೊಂಡೇ ನಾನೂರು ಎಕರೆ ಮೀರಿದ ಹುಲ್ಲುಗಾವಲು, ಹಳೆಯ ಮರಗಳು. ಅಲ್ಲಿಯ ಒಂದೊಂದು ಮರಿಗೂ ಹುಟ್ಟಿದ ಕೂಡಲೇ ಪುಸ್ತಕದಲ್ಲಿ ಅಪ್ಪ, ಅಮ್ಮ, ತಾತ, ಮುತ್ತಾತ ದಾಖಲು. ಜಗತ್ತಿನ ಯಾವ ರೇಸ್ ಕುದುರೆಯ ಗಂಡು ಸಂತತಿಯನ್ನು ಹಿಡಿದು ಹಿಂದಕ್ಕೆ ಹೋದರೂ ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿಗೆ ಬಂದ ಮೂರೇ ಮೂರು ಗಂಡು ಕುದುರೆಗಳಲ್ಲಿ ಒಂದಕ್ಕೆ ಹೋಗಿ ನಿಲ್ಲುತ್ತದೆ: ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್, ಬೈಯರ್ಲಿ ಟರ್ಕ್. ಮಾವನವರು ಈ ಹೆಸರುಗಳನ್ನು ಮನೆ ದೇವರ ಹೆಸರಿನ ಹಾಗೆ ಹೇಳುತ್ತಾರೆ. ಇಂಥವರ ಮುಂದೆ ಬ್ರೂನೋನನ್ನು ನಿಲ್ಲಿಸುವಾಗ ಅಳಿಯನಿಗೆ ಕೈ ಬೆವರದೆ ಇರುತ್ತದೆಯೇ?

ಮಾವನವರು ಜಾತಿ ಕೇಳಲಿಲ್ಲ. ಅಳಿಯ ಕುಣಿಗಲ್ ಕೆರೆಯ ಏರಿಯ ಮೇಲೆ ಎಂದಿನಂತೆ ಹಿಂದಕ್ಕೆ ವಾಲಿಕೊಂಡು ಎಳೆಸಿಕೊಳ್ಳುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿದರು. "ಇಲ್ಲಿ ಕೊಡಿ ಅಳಿಯಂದ್ರೇ," ಎಂದು ಚೈನು ತೆಗೆದುಕೊಂಡರು. ನನಗೆ ಎದೆ ಧಸಕ್ಕೆಂದಿತು. ಆ ಮುದಿ ಕೈಗೆ 38 ಕಿಲೋ.

ಅವರು ಹಿಂದೆ ನಿಲ್ಲಲಿಲ್ಲ. ನಾಯಿಯ ಎಡಭುಜದ ಪಕ್ಕಕ್ಕೆ ಬಂದು ನಿಂತರು, ಕುದುರೆಯ ಪಕ್ಕ ನಿಲ್ಲುವ ಹಾಗೆ. ಚೈನನ್ನು ಎಳೆಯಲಿಲ್ಲ; ಸಡಿಲ ಬಿಟ್ಟರು, ಅದು ಮಧ್ಯದಲ್ಲಿ ತೂಗುವಷ್ಟು. ಬ್ರೂನೋ ಅಭ್ಯಾಸಬಲದಿಂದ ಮುಂದೆ ನುಗ್ಗಿದ. ಮುದುಕರು ಎಳೆಯದೆ, ಬಿಡದೆ, ಕಂಬದ ಹಾಗೆ ಸುಮ್ಮನೆ ನಿಂತರು. ಎಳೆದಾಡಲು ಯಾರೂ ಸಿಗದೆ ಬ್ರೂನೋ ತಿರುಗಿ ನೋಡಿದ. ಚೈನು ಸಡಿಲವಾಯಿತು. ಅವರು ಒಂದು ಹೆಜ್ಜೆ ಇಟ್ಟರು. ಅವನೂ ಒಂದು ಹೆಜ್ಜೆ. ಹೀಗೆ ನಾಲ್ಕೈದು ಸಲ ಆಗಿರಬೇಕು. ಆಮೇಲೆ ಏರಿಯ ಉದ್ದಕ್ಕೂ ಆ ಇಬ್ಬರು, ಒಬ್ಬರ ಮೊಣಕಾಲಿನ ಪಕ್ಕ ಇನ್ನೊಬ್ಬರ ಕಿವಿ, ಪಿಂಚಣಿ ತರಲು ಹೊರಟ ಹಳೆಯ ಸ್ನೇಹಿತರ ಹಾಗೆ ನಡೆದು ಹೋದರು. ಎಡಗಡೆ ನೀರಿನ ಮೇಲೆ ಸಂಜೆಯ ಬಿಸಿಲು. ಯಜಮಾನರು ಬರಿಗೈಯಲ್ಲಿ ನಿಂತಿದ್ದರು. ಅವರ ಮೈ ಇನ್ನೂ ಸ್ವಲ್ಪ ಹಿಂದಕ್ಕೆ ವಾಲಿಯೇ ಇತ್ತು.

"ಎಳೆದಷ್ಟೂ ಎಳೀತದೆ," ಎಂದರು ಮಾವನವರು ಚೈನು ವಾಪಸು ಕೊಡುತ್ತ. "ಕುದ್ರೆನೂ ಅಷ್ಟೇಯ. ನೀವು ಎಳೆಯೋದ್ ಬುಟ್ರೆ ಅದು ಯಾರನ್ನ ಎಳೀತದೆ?"

ಯಜಮಾನರು ತಲೆಯಾಡಿಸಿದರು. ಎಡಭುಜದ ಪಕ್ಕ ನಿಂತರು. ಸಡಿಲ ಬಿಟ್ಟರು. ಬ್ರೂನೋ ಒಂದು ಸಲ ಮುಖ ತಿರುಗಿಸಿ, ಚೈನಿನ ತುದಿಯಲ್ಲಿರುವುದು ಯಾರೆಂದು ಖಾತ್ರಿ ಮಾಡಿಕೊಂಡ. ಹೆಬ್ಬೂರು ದಾಟುವವರೆಗೂ ಯಜಮಾನರು ಕಾರಿನಲ್ಲಿ ಭುಜ ನೀವಿಕೊಳ್ಳುತ್ತಲೇ ಇದ್ದರು.

ಕೊನೆಯದಾಗಿ ಸಮೀಕ್ಷೆಯ ಮೇಷ್ಟ್ರ ವಿಷಯ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತಲ್ಲ, 60 ಪ್ರಶ್ನೆಯದ್ದು, ಆಗ ನಡೆದದ್ದು. ಅದಕ್ಕೆ ಮೊದಲು ಮೀಟರ್ ರೀಡರುಗಳು ಬಂದು ಮನೆಮನೆಗೆ ನಂಬರಿನ ಸ್ಟಿಕ್ಕರ್ ಅಂಟಿಸಿ ಹೋಗಿದ್ದರು. ಯಜಮಾನರ ಮನೆಯ ಸ್ಟಿಕ್ಕರಿನ ಅಂಟು ರುಚಿಯಾಗಿತ್ತೆಂದು ಕಾಣುತ್ತದೆ; ಒಂದು ಮೂಲೆ ಮಾತ್ರ ಉಳಿದಿತ್ತು. ಮೇಷ್ಟ್ರು ಗೇಟಿನ ಹೊರಗೆ ನಿಂತು, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕೊಡೆ ಅಡ್ಡ ಹಿಡಿದು, ಉಳಿದ ಮೂಲೆಯಲ್ಲಿ ನಂಬರು ಹುಡುಕುತ್ತಿದ್ದರು. ಒಳಗಿಂದ ಬ್ರೂನೋ ಒಂದೇ ಸಮನೆ ಬೊಗಳುತ್ತಿದ್ದ.

"ನಾಯಿ ಕಟ್ಟಿ ಸಾರ್!"

"ಏನೂ ಮಾಡಲ್ಲ, ಬನ್ನಿ!"

"ಪರವಾಗಿಲ್ಲ, ಇಲ್ಲಿಂದಾನೇ ಕೇಳ್ತೀನಿ!"

ಹೀಗೆ ಗೇಟಿನ ಆಚೆ ಈಚೆ ನಿಂತು, ಬೊಗಳುವಿಕೆಯ ಮೇಲೆ ಗಂಟಲೆತ್ತಿ ಪ್ರಶ್ನೋತ್ತರ ಶುರುವಾಯಿತು. ಬೀದಿ ಸ್ತಬ್ಧವಾಯಿತು. ನಾನು ಮಹಡಿಯಲ್ಲಿ ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತಿದ್ದೆ. ಎದುರುಮನೆಯವರು ತುಳಸಿ ಗಿಡಕ್ಕೆ ಮೂರನೆಯ ಚೊಂಬು ನೀರು ಹಾಕುತ್ತಿದ್ದರು. ಹೆಸರು ಕೇಳಿಸಿತು. ವಯಸ್ಸು ಕೇಳಿಸಿತು. ಅರವತ್ತೆರಡಲ್ಲ, ಅರವತ್ತನಾಲ್ಕು. ಧರ್ಮ ಕೇಳಿಸಿತು.

"ಜಾತಿ, ಸಾರ್?"

ಯಜಮಾನರು ಉಸಿರೆಳೆದುಕೊಂಡು ಹೇಳಿದರು. ಗಟ್ಟಿಯಾಗಿಯೇ ಹೇಳಿದರು, ಬಾಯಿ ಆಡಿದ್ದನ್ನು ನಾನು ಕಂಡೆ. ಅಷ್ಟೇ ಹೊತ್ತಿಗೆ ಬ್ರೂನೋ ಗೇಟಿಗೆ ಎರಡೂ ಕಾಲಿಟ್ಟು ನಿಂತು ಎಂಥ ಒಂದು ಭೌ ಅಂದನೆಂದರೆ ಎದುರುಮನೆಯವರ ಕೈಯ ಚೊಂಬು ಬಿತ್ತು. ಮೇಷ್ಟ್ರಿಗೆ ಕೇಳಿಸಿತೆಂದು ಕಾಣುತ್ತದೆ, ಫೋನಿನಲ್ಲಿ ಒತ್ತಿಕೊಂಡರು. ಉಪಜಾತಿಗೂ ಇನ್ನೊಂದು ಭೌ. ಆಮೇಲೆ ಬ್ರೂನೋ ಸುಮ್ಮನಾದ. ಸಾಲ ಎಷ್ಟು, ಮನೆ ಕಟ್ಟಿಸಿದ್ದು ಯಾವಾಗ, ಹಸು ಇದೆಯೇ ಎಂಬ ಯಾರಿಗೂ ಬೇಡದ ಸಂಗತಿಗಳೆಲ್ಲ ಗಂಟೆ ಹೊಡೆದ ಹಾಗೆ ಕೇಳಿಸಿದವು.

ನಾಯಿ ಸುಮ್ಮನಾದ ಧೈರ್ಯಕ್ಕೆ ಮೇಷ್ಟ್ರು ಒಳಗೆ ಬಂದರು. ಜಗಲಿಯ ಕುರ್ಚಿಯಲ್ಲಿ ಕೂತರು. ಬ್ರೂನೋ ಅವರನ್ನು ಮೂಸಿ, ಒಪ್ಪಿ, ತಿರುಗಿ, ಅವರ ಬಲಪಾದದ ಮೇಲೆ ಇಡೀ ಮೈಯನ್ನಿಳಿಸಿ ಕೂತ. ಅರವತ್ತು ಪ್ರಶ್ನೆಯೂ ಮುಗಿದವು. ಕಾಫಿಯೂ ಮುಗಿಯಿತು. ಮೇಷ್ಟ್ರು ಏಳಲು ನೋಡಿದರು, ಆಗಲಿಲ್ಲ.

"ಕಮ್, ಬ್ರೂನೋ. ಗೆಟಪ್," ಎಂದರು ಯಜಮಾನರು, ಹೆಚ್ಚಿನ ನಿರೀಕ್ಷೆಯಿಲ್ಲದೆ.

ಮೇಷ್ಟ್ರು ಪಾದವನ್ನು ಮರೆತವರಂತೆ ಅವನ ತಲೆ ಸವರಿದರು. "ಒಳ್ಳೇ ನಾಯಿ ಸಾರ್. ಯಾವ ಜಾತಿ ಇದು?"

ನಾನು ಕೈಯಲ್ಲಿ ಕ್ಲಿಪ್ಪು ಹಿಡಿದು ಕಾದೆ. ರಾಟ್‌ವೀಲರ್ ಬರುತ್ತದೋ, ಬಾಗಲಕೋಟೆಯ ಅಜ್ಜಿ ಬರುತ್ತಾಳೋ, ವರ್ಣನಾತೀತ ಬರುತ್ತದೋ. ಯಜಮಾನರು ಬ್ರೂನೋನನ್ನು ನೋಡಿದರು, ಮೇಷ್ಟ್ರ ಕೈಯ ಫೋನನ್ನು ನೋಡಿದರು.

"ಅದನ್ನೇ ಕೇಳಿ ಸಾರ್," ಎಂದರು. ಆಮೇಲೆ ಒಳಗೆ ತಿರುಗಿ, "ಲೇ, ಮೇಷ್ಟ್ರಿಗೆ ಇನ್ನೊಂದು ಕಾಫಿ ಮಾಡೇ. ಅವ್ವನ್ನೂ ಸ್ವಲ್ಪ ಹೊರಗೆ ಕರಿ, ಬೂರಣ್ಣ ಅಂತ ಒಂದು ಸಲ ಕೂಗಲಿ."

ಅವ್ವ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಮೇಷ್ಟ್ರು ಎರಡನೆಯ ಕಾಫಿ ಕುಡಿದರು.